ರೇಣುಕಯ್ಯ ಮೇಷ್ಟ್ರ ದ್ರಾಕ್ಷಾಸವ ನಿಘಂಟು

ಮಧುಗಿರಿಯ ಮಿಡ್ಲ್ ಸ್ಕೂಲಿನ ರೇಣುಕಯ್ಯ ಮೇಷ್ಟ್ರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಸಂಸಾರಕ್ಕೆ ಕುತ್ತು ಬಂದದ್ದು ಅಲ್ಲಿಂದಲೇ.

ಕೋಟೆ ನೋಡಲು ಇಂಗ್ಲಿಷ್ ದೊರೆಯೊಬ್ಬರು ಬರುತ್ತಾರೆಂದು ಅಮಲ್ದಾರ್ ಜಯರಾಮಯ್ಯನವರಿಗೆ ಕಾಗದ ಬಂತು. ದೊರೆಗಿಂತ ಮೊದಲು ಅವರ ಎರಡು ಪೆಟ್ಟಿಗೆ ವೈನೂ, ಅದರ ರುಚಿ ನೋಡುವ ಬಗೆ ಹೇಳುವ ಸಣ್ಣ ಪುಸ್ತಕವೂ ಬಂದಿಳಿದವು.

"ಮೇಷ್ಟ್ರೇ, ಬಂಗಲೆಯ ಬಟ್ಲರ್ ಪಾಲಪ್ಪನಿಗೆ ಇಂಗ್ಲಿಷ್ ಬರಲ್ಲ. ದೊರೆ 'ಡ್ರೈ' ಕೊಡು ಅಂದ್ರೆ ಲೋಟ ಒರೆಸಿ ಕೊಟ್ಟಾನು! ಈ ಪುಸ್ತಕದ ಮಾತನ್ನೆಲ್ಲ ಅವನಿಗೆ ಕನ್ನಡ ಮಾಡಿಕೊಡಿ" ಎಂದರು ಅಮಲ್ದಾರರು.

ಮೇಷ್ಟ್ರು ಕಾಫಿಗಿಂತ ಕಡಕ್ಕಾದದ್ದನ್ನು ಜನ್ಮದಲ್ಲಿ ಕುಡಿದವರಲ್ಲ. ಆದರೂ ಅಮಲ್ದಾರರೇ ಕೇಳಿದ ಮೇಲೆ ಬರುವುದಿಲ್ಲ ಎನ್ನುವುದುಂಟೆ?

ಮೂರು ಸಂಜೆ ಜಗಲಿಯ ಮೇಲೆ ಕೂತು ತಿಣುಕಿದರು. ಬಾಡಿ ಎಂದರೆ ಮೈ. ಬಾಯಲ್ಲಿ ನೀರಿನಂತೆ ತೆಳುವೋ, ಹಾಲಿನಂತೆ ಮಂದವೋ ಎಂಬುದು. ಲೆಗ್ಸ್ ಎಂದರೆ ಕಾಲು. ಲೋಟ ಆಡಿಸಿದಾಗ ಗಾಜಿನ ಮೈಮೇಲೆ ಇಳಿಯುವ ಧಾರೆ. ನೋಸ್ ಎಂದರೆ ಕುಡಿಯುವವನ ಮೂಗಲ್ಲ, ವೈನಿನ ಘಮ. ಡ್ರೈ ಎಂದರೆ ಒಣಗಿದ್ದಲ್ಲ, ಸಿಹಿಯಿಲ್ಲದ್ದು. ಟ್ಯಾನಿನ್ ಎಂದರೆ ಎಳೆ ಬಾಳೆಕಾಯಿ ಕಚ್ಚಿದಂಥ ಒಗರು. ಮೇಷ್ಟ್ರಿಗೆ ತಮ್ಮ ಪಾಂಡಿತ್ಯಕ್ಕೆ ತಮಗೇ ನಗು ಬರುತ್ತಿತ್ತು.

ಹೆಂಡತಿ ಚನ್ನಮಲ್ಲಮ್ಮ ಬಾಗಿಲಿಗೆ ಬಂದು, "ಅದೇನ್ರೀ, ಒಬ್ರೇ ನಗ್ತಾ ಬರೀತಿದೀರಿ?" ಎಂದು ಕೇಳಿದರು.

"ನಿನಗೆ ಅರ್ಥ ಆಗೋದಲ್ಲ ಬುಡು."

(ಈ ಮಾತಿಗಾಗಿ ಮೇಷ್ಟ್ರು ಮುಂದೆ ಎಷ್ಟು ಸಲ ನಾಲಿಗೆ ಕಚ್ಚಿಕೊಂಡರೋ!)

ಕೊನೆಗೆ ಉದಾಹರಣೆಗೆಂದು ಒಂದು ಸೀಸೆಯ ವರ್ಣನೆಯನ್ನು ಬೇರೆ ಹಾಳೆಯಲ್ಲಿ ಬರೆದರು. ಆದರೆ ಎದೆಯ ಮೇಲೆ ಲಿಂಗ ಧರಿಸಿದವರು. 'ಹೆಂಡ' ಎಂದು ಬರೆಯಲು ಕೈ ಏಳಲಿಲ್ಲ. ಆ ಮಾತನ್ನೇ ಬಿಟ್ಟು ಬರೆದರು:

"ಫ್ರೆಂಚ್ ದೇಶದ್ದು. ಹದಿನೆಂಟು ವರ್ಷ. ಮೈ ತುಂಬಿಕೊಂಡಿದೆ. ಕಾಲು ನೀಳ. ಮೂಗು ಬಲು ಸೊಗಸು. ಮೊದಮೊದಲು ಒಗರು, ಆಮೇಲೆ ಮೃದು. ಮುಗಿದ ಮೇಲೂ ಸವಿ ಬಿಟ್ಟುಹೋಗುವುದಿಲ್ಲ."

ಶನಿವಾರ ಸ್ಕೂಲಿನಿಂದ ಬಂದರೆ ಮನೆಗೆ ಚಿಲಕ. ಪಕ್ಕದ ಮನೆ ಬಸವಮ್ಮ, "ಅದ್ಯಾವುದೋ ಹಾಳೆ ಕೈಯಾಗೆ ಹಿಡ್ಕಂಡು ಅಳ್ತಾ ಕೊಳಾಲದ ಗಾಡಿ ಹತ್ಬುಟ್ರು ಕಣಪ್ಪ, ತವರಿಗೆ" ಎಂದರು.

ಮೇಷ್ಟ್ರು ನಿಂತ ಕಾಲಲ್ಲೇ ಕೊಳಾಲಕ್ಕೆ ಹೊರಟರು. ಮದುವೆಯಾದ ಹೊಸತರಲ್ಲಿ ಆಕೆಗೆ ಸ್ಲೇಟು ಹಿಡಿಸಿ ಅಕ್ಷರ ಕಲಿಸಿದವರು ತಾವೇ. ಆಮೇಲೆ ಓದಲು ಏನನ್ನೂ ತಂದುಕೊಟ್ಟಿರಲಿಲ್ಲ. ಪಾಪ, ಇಷ್ಟು ವರ್ಷಕ್ಕೆ ಗಂಡನ ಕೈಬರಹ ಓದಿದ್ದು ಇದೊಂದೇ. ಕೊರಟಗೆರೆಯಿಂದಾಚೆ ಬಿಸಿಲಲ್ಲಿ ನಡೆಯುವಾಗ ಅದೇ ಅವರ ಎದೆಯಲ್ಲಿ ಮುಳ್ಳಾಡಿಸುತ್ತಿತ್ತು.

ಕೊಳಾಲದಲ್ಲಿ ಮಾವ ಶಂಕರಲಿಂಗಪ್ಪನವರು ಹಾಳೆ ಹಿಡಿದು ಜಗಲಿಯ ಮೇಲೇ ಕೂತಿದ್ದರು.

"ಯಾರ್ರೀ ಅಳಿಯಂದ್ರೇ ಈ ಫ್ರೆಂಚಿನೋಳು?"

"ಹೆಂಗಸಲ್ಲ ಮಾವ! ಅದು ವೈನು. ಸೀಮೆ ಹೆಂಡ!"

"ಶಿವ ಶಿವಾ! ಹೆಂಗಸಾಗಿದ್ರೆ ನಾಕು ಜನ ಕುಂತು ಬುದ್ಧಿ ಹೇಳ್ಬೋದಿತ್ತು. ಲಿಂಗ ಕಟ್ಕಂಡು ಹೆಂಡದ ಮೈಕಾಲು ವರ್ಣಿಸ್ತೀರಾ?"

"ಒಂದು ತೊಟ್ಟೂ ಕುಡಿದಿಲ್ಲ ಮಾವ! ಬರೀ ಬರೆದದ್ದು!"

"ಕುಡೀದೇನೇ ಇಷ್ಟು ಬರೆದ್ರಾ? ಇನ್ನು ಕುಡಿದಿದ್ರೆ?"

ಅಷ್ಟರಲ್ಲಿ ಚನ್ನಮಲ್ಲಮ್ಮ ಬಾಗಿಲಿಗೆ ಬಂದರು. ಕಣ್ಣು ಊದಿತ್ತು.

"ಕುಡಿದಿಲ್ಲ ಅಂತ ನಾನು ನಂಬ್ತೀನಿ. ನನ್ನದು ಮೊಂಡು ಮೂಗು, ಅದೂ ಹೋಗ್ಲಿ. ಬಾಯಿಗೇ ಇಡದ್ದನ್ನ ಹಾಳೆ ತುಂಬ ಹೊಗಳಿದೀರಿ. ಹನ್ನೊಂದು ವರ್ಷ ನನ್ನ ಕೈಯಡುಗೆ ಉಂಡಿದೀರಿ. ಒಂದಿನ ಒಂದು ಮಾತು ಅಂದಿದೀರಾ?"

ಮೇಷ್ಟ್ರು ನೆನಪಿಸಿಕೊಂಡರು. 'ಉಪ್ಪು ಕಮ್ಮಿ' ಎಂದದ್ದುಂಟು. 'ಉಪ್ಪು ಜಾಸ್ತಿ' ಎಂದದ್ದೂ ಉಂಟು. ಹದವಾಗಿದ್ದ ದಿನ ಸುಮ್ಮನೆ ಉಂಡು ಎದ್ದಿದ್ದರು.

ಊಟಕ್ಕೆ ಕರೆದರು. ರಾಗಿಮುದ್ದೆ, ಹುರುಳಿಕಟ್ಟಿನ ಸಾರು. ಎದುರಿಗೆ ಮಾವ, ಕಂಬದ ಪಕ್ಕ ಹೆಂಡತಿ. ಆದ ತಪ್ಪನ್ನು ಇವತ್ತೇ ತಿದ್ದಿಬಿಡಬೇಕೆಂದು ಮೇಷ್ಟ್ರು ನಿಶ್ಚಯಿಸಿ ಒಂದು ತುತ್ತು ನುಂಗಿದರು. ಸಾರು ನಿಜಕ್ಕೂ ಅದ್ಭುತವಾಗಿತ್ತು.

"ಆಹಾ, ಏನು ಘಮ! ಎಂಥ ಹದ! ನುಂಗಿದ ಮೇಲೂ ನಾಲಿಗೆ ಬಿಡ್ತಿಲ್ಲ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕಣ್ಣಲ್ಲಿ ನೀರೂ ಬಂತು. "ಹನ್ನೊಂದು ವರ್ಷದಲ್ಲಿ ಇಂಥ ಸಾರು ಉಂಡಿಲ್ಲ!"

ಅಡುಗೆಮನೆಯಿಂದ ಚನ್ನಮಲ್ಲಮ್ಮನ ತಮ್ಮನ ಹೆಂಡತಿ ಇಂದ್ರಮ್ಮ ಸಾರಿನ ಪಾತ್ರೆ ಹಿಡಿದು, ನಾಚಿ ಕೆಂಪಾಗಿ ಹೊರಗೆ ಬಂದಳು.

"ಬುಡಿ ಅಣ್ಣ, ನಾನು ಮಾಡಿದ್ದು ಅಷ್ಟೇನು ಚೆಂದಾಗಿರಲ್ಲ..."

ಚನ್ನಮಲ್ಲಮ್ಮ ಸೆರಗು ಬಿಗಿದು ಎದ್ದರು.

"ಹಾಕು ಇಂದ್ರಮ್ಮ, ಇನ್ನೊಂದು ಸೌಟು ಹಾಕು. ಪಾಪ, ಹನ್ನೊಂದು ವರ್ಷದಿಂದ ಉಂಡೇ ಇಲ್ವಂತೆ."