ಅತ್ತೆಯ ಪ್ರಾರ್ಥನೆಗೆ ಸಿಕ್ಕಿಬಿದ್ದವರು

ನಮ್ಮ ಸೋದರತ್ತೆಯ ಪ್ರೀತಿಗೆ ಸಿಗದೆ ಉಳಿದವರು ಬಸವೇಶ್ವರನಗರದ ಆ ಬೀದಿಯಲ್ಲಿ ಒಬ್ಬರೂ ಇಲ್ಲ. ಸಿಗದೆ ಉಳಿದವರು ಯಾರಾದರೂ ಇದ್ದರೆ, ಅವರು ಆಗಲೇ ಮನೆ ಖಾಲಿ ಮಾಡಿಕೊಂಡು ಮಹಾಲಕ್ಷ್ಮಿ ಲೇಔಟ್ ಸೇರಿದ್ದಾರೆ ಎಂದರ್ಥ!

ಅತ್ತೆ ನಮ್ಮಪ್ಪನ ಕೊನೆಯ ತಂಗಿ. ಮೂವತ್ತು ವರ್ಷ ನರ್ಸ್ ಆಗಿದ್ದವರು. ಮದುವೆಯಾಗಲಿಲ್ಲ. ಆಗಿದ್ದರೆ ಒಬ್ಬನೇ ಗಂಡಸು ಪೂರ್ತಿ ಅನುಭವಿಸಬೇಕಾಗಿತ್ತು, ಈಗ ಇಡೀ ಬೀದಿ ಹಂಚಿಕೊಂಡಿದೆ.

ಮೊದಲಿನಿಂದಲೂ ಅವರು ಹೀಗೇ ಇದ್ದರೇನೋ. ಆದರೆ ಕಾಯಿಲೆ ಜೋರಾದದ್ದು ಒಂದು ಭಾನುವಾರ. ಚರ್ಚಿನಲ್ಲಿ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, "ಪ್ರೀತಿ ತೋರಿಸೋದು ಒಂದೇ ಥರ ಅಲ್ಲ. ಒಬ್ಬರಿಗೆ ಸೇವೆ ಬೇಕು, ಒಬ್ಬರಿಗೆ ಪ್ರಾರ್ಥನೆ ಬೇಕು, ಇನ್ನೊಬ್ಬರಿಗೆ ಸುಮ್ಮನೆ ಜೊತೇಲಿ ಕೂತ್ಕೊಂಡ್ರೆ ಸಾಕು. ಯಾರಿಗೆ ಯಾವುದು ಬೇಕೋ ನೋಡಿ ಕೊಡಿ" ಎಂದು ಪ್ರಸಂಗ ಮಾಡಿದರು. ಪಾಪ, ಮುಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆಂದು ಅವರಾದರೂ ನೋಡಿಕೊಳ್ಳಬಾರದಿತ್ತೇ? ಉಳಿದವರೆಲ್ಲ ಕೇಳಿ, ತೂಕಡಿಸಿ, ಮನೆಗೆ ಹೋಗಿ ಬಿರಿಯಾನಿ ತಿಂದು ಮರೆತರು. ಅತ್ತೆ ಮಾತ್ರ ಅದನ್ನು ಡಾಕ್ಟರ ಚೀಟಿಯಂತೆ ಬರೆದುಕೊಂಡು ಬಂದರು. ಮಾರನೆಯ ದಿನದಿಂದಲೇ ಚಿಕಿತ್ಸೆ ಶುರು. ರೋಗಿಯ ಒಪ್ಪಿಗೆ ಕೇಳುವ ಪದ್ಧತಿ ಅವರಲ್ಲಿಲ್ಲ.

ಮೊದಲು ಸಿಕ್ಕಿಬಿದ್ದವಳು ಅತ್ತೆಯ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಹೆಣ್ಣುಮಗಳು. ಈಕೆಗೆ ಬೇಕಾಗಿರುವುದು ಸೇವೆ ಎಂದು ಅತ್ತೆ ತೀರ್ಮಾನಿಸಿದರು. ಗಂಡ ಹೆಂಡತಿ ಬೀಗದ ಕೈ ಕೊಟ್ಟು ಮೂರು ದಿನ ಊರಿಗೆ ಹೋದದ್ದೇ ತಡ, ಅವರ ಅಡುಗೆಮನೆಗೆ ನುಗ್ಗಿದರು. ವಾಪಸು ಬಂದ ಆ ಹುಡುಗಿ ಕಬ್ಬಿಣದ ರೊಟ್ಟಿ ಹಂಚನ್ನು ಎದೆಗವಚಿಕೊಂಡು ಕೆಳಗೆ ಓಡಿ ಬಂದಳು.

"ಆಂಟೀ, ಏನ್ ಮಾಡೀರಿ ಇದನ್ನ? ನಮ್ಮವ್ವ ಕೊಟ್ಟಿದ್ದ ಹಂಚ್ರೀ! ಹತ್ತ ವರ್ಷ ಎಣ್ಣಿ ಹಚ್ಚಿ ಹದಾ ಮಾಡಿದ್ದೆ!"

"ಕರ್ರಗೆ ಮಸಿ ಹಿಡಿದಿತ್ತಮ್ಮ. ನಾಲ್ಕು ಸಲ ತಿಕ್ಕಿದೀನಿ. ಈಗ ಮುಖ ನೋಡ್ಕೋಬಹುದು."

"ಮುಖಾ ನೋಡ್ಕೊಳ್ಳಾಕ ಕನ್ನಡಿ ಐತ್ರೀ! ರೊಟ್ಟಿ ಯಾದ್ರಾಗ ಬೇಸ್ಲಿ?"

"ಥ್ಯಾಂಕ್ಸ್ ಎಲ್ಲ ನನಗ್ಯಾಕೆ? ಯೇಸಪ್ಪಂಗೆ ಹೇಳು" ಎಂದು ಅತ್ತೆ ಒಳಗೆ ಹೋದರು. ಆ ಸಂಸಾರ ಒಂದು ತಿಂಗಳು ಅನ್ನ ತಿಂದುಕೊಂಡು ಬದುಕಿತು.

ಸೇವೆಯನ್ನಾದರೂ ಸಹಿಸಬಹುದು, ಪ್ರಾರ್ಥನೆಯನ್ನು ಹೇಗೆ ಸಹಿಸುವುದು? ನಮ್ಮಲ್ಲಿ ಪ್ರತಿ ಶನಿವಾರ ಸಂಜೆ ಒಂದೊಂದು ಮನೆಯಲ್ಲಿ ಸರದಿಯ ಮೇಲೆ ಮನೆಪ್ರಾರ್ಥನೆ ನಡೆಯುತ್ತದೆ. ಕೊನೆಯಲ್ಲಿ ಹಿರಿಯರೊಬ್ಬರು ಬಂದವರ ಹೆಸರು ಹಿಡಿದು, ಅವರವರ ಕಷ್ಟ ಹೇಳಿ ದೇವರಲ್ಲಿ ಬೇಡಿಕೊಳ್ಳುತ್ತಾರೆ. ಆ ಹಿರಿಯರು ಯಾರೆಂದು ಬೇರೆ ಹೇಳಬೇಕೆ? ದೇವರಿಗೆ ಕಿವಿ ಮಂದ ಎಂದು ಅವರಿಗೆ ಯಾರು ಹೇಳಿದರೋ, ಅತ್ತೆಯ ಪ್ರಾರ್ಥನೆ ಹಿಂದಿನ ಬೀದಿಗೂ ಕೇಳುತ್ತದೆ. ಯಾರ ಪೈಲ್ಸ್, ಯಾರ ಹಲ್ಲುಸೆಟ್ಟು, ಯಾರ ಗೊರಕೆಗೆ ಯಾರು ಬೇರೆ ಕೋಣೆಯಲ್ಲಿ ಮಲಗುತ್ತಾರೆ, ಎಲ್ಲವೂ ಕರ್ತನ ಪಾದಕ್ಕೆ. ಪಾದಕ್ಕೆ ಹೋಗುವ ದಾರಿಯಲ್ಲಿ ಇಪ್ಪತ್ತೈದು ಜನರ ಕಿವಿಗೆ!

ನಮ್ಮ ಚಿಕ್ಕಪ್ಪನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದದ್ದೂ ಇಂಥದ್ದೇ ಒಂದು ಶನಿವಾರ. ಹುಡುಗಿ ಡಿಗ್ರಿಯಲ್ಲಿ ಫಸ್ಟ್ ಕ್ಲಾಸ್ ಎಂದು ಚಿಕ್ಕಮ್ಮ ಹೇಳಿಯಾಗಿತ್ತು. ಎಲ್ಲರೂ ಕಣ್ಣು ಮುಚ್ಚಿದರು. ಅತ್ತೆ ಬಾಯಿ ತೆರೆದರು.

"ಕರ್ತನೇ, ಈ ಮಗು ಎರಡು ಸಲ ಫೇಲಾದಾಗ್ಲೂ ನೀನು ಕೈ ಬಿಡ್ಲಿಲ್ಲ. ಇವಳ ಮೂಗಿನ ತುದೀಲಿರೋ ಸಿಟ್ಟನ್ನ ತೆಗೆದು ಗಂಡನ ಮನೇಲಿ ಕಾಪಾಡಪ್ಪಾ!"

ನಾನು ಒಂದು ಕಣ್ಣು ತೆರೆದು ನೋಡಿದೆ. ಗಂಡಿನ ತಾಯಿ ಎರಡೂ ಕಣ್ಣು ತೆರೆದಿದ್ದರು. ಸಂಬಂಧ ಅಲ್ಲಿಗೇ ಆಮೆನ್.

"ಏನತ್ತೆ, ಹಿಂಗಾ ಪ್ರಾರ್ಥನೆ ಮಾಡೋದು?" ಎಂದು ಬೈದೆ.

"ಮತ್ತೆ ದೇವ್ರ ಹತ್ರ ಸುಳ್ಳು ಹೇಳ್ಲೇನೋ?" ಎಂದು ನನಗೇ ತಿರುಗಿಸಿದರು.

ಇಂಥವರ ಕಣ್ಣಿಗೆ ನಾನು ಬಿದ್ದೆ. ರಾಜಾಜಿನಗರದಲ್ಲಿ ನಾನು ಕೆಲಸ ಮಾಡುತ್ತಿದ್ದ ಪ್ರಿಂಟಿಂಗ್ ಪ್ರೆಸ್ ಒಂದು ಬೆಳಿಗ್ಗೆ ಬಾಗಿಲು ಮುಚ್ಚಿತು. ಇಪ್ಪತ್ತೆರಡು ವರ್ಷದ ಕೆಲಸ! ಹೆಂಡತಿಗೆ ಹೇಳಲು ನಾಲಿಗೆ ಬರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಮುಂದೂಡುತ್ತಾ, ದಿನವೂ ಅವಳು ಕಟ್ಟಿಕೊಟ್ಟ ಡಬ್ಬಿ ಹಿಡಿದು ಒಂಬತ್ತಕ್ಕೆ ಹೊರಡುತ್ತಿದ್ದೆ. ಗುರುತಿನವರು ಸಿಗದಿರಲಿ ಎಂದು ಅಷ್ಟು ದೂರ ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ನಿಗೆ ಹೋಗಿ ಕೆಳಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಪರರನ್ನು ನೋಡಿ ನಗುವ ನಾನು ಎಷ್ಟು ಹೇಡಿ ನೋಡಿ. ಎರಡು ವಾರ ಹೀಗೆ ಕಳೆಯಿತು. ಒಂದು ಗುರುವಾರ ಹನ್ನೊಂದು ಗಂಟೆಗೇ ಹಸಿವಾಗಿ ಡಬ್ಬಿ ತೆರೆದೆ, ಎದುರಿಗೆ ಅತ್ತೆ! ಕೆಂಗೇರಿಯಲ್ಲಿ ಯಾರನ್ನೋ ಪ್ರೀತಿಸಿ ವಾಪಸು ಬರುತ್ತಿದ್ದರು.

"ಏನೋ, ಡ್ಯೂಟಿ ಟೈಮಲ್ಲಿ ಇಲ್ಲೇನ್ ಮಾಡ್ತಿದೀಯ?"

ನರ್ಸುಗಳ ಮುಂದೆ ಸುಳ್ಳು ನಿಲ್ಲುವುದಿಲ್ಲ. ಎಲ್ಲವನ್ನೂ ಕಕ್ಕಿದೆ. ಅವರು ನನ್ನ ಚಿತ್ರಾನ್ನದಲ್ಲಿ ಅರ್ಧ ತಿನ್ನುತ್ತಾ ಕೇಳಿಸಿಕೊಂಡರು.

"ಅತ್ತೆ, ನಿಮ್ ಕಾಲಿಗೆ ಬೀಳ್ತೀನಿ. ಶನಿವಾರ ಪ್ರಾರ್ಥನೆ ನಮ್ಮನೇಲೇ ಇದೆ. ಅವಳಿಗೆ ಹಂಗೆ ಗೊತ್ತಾಗ್ಬಾರ್ದು, ಅಷ್ಟು ಜನದ ಮುಂದೆ."

"ಪ್ರಾರ್ಥನೆ ಮಾಡ್ದೆ ಹೆಂಗೋ ಇರ್ಲಿ?" ಎಂದು ಕೈ ತೊಳೆದುಕೊಂಡು ಹೊರಟೇಹೋದರು.

ಶನಿವಾರ ಬಂತು. ಹಾಲಿನ ತುಂಬ ಜನ. ಪಕ್ಕದಲ್ಲೇ ಹೆಂಡತಿ, ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿದ್ದಳು. ಅತ್ತೆ ಒಬ್ಬರ ಕಿಡ್ನಿ ಕಲ್ಲು ಮುಗಿಸಿದರು, ಇನ್ನೊಬ್ಬರ ಅಳಿಯನ ಕುಡಿತ ಮುಗಿಸಿದರು. ಆಮೇಲೆ ನನ್ನ ಹೆಸರು ಬಂತು.

"ಕರ್ತನೇ, ಇವನು..." ಎಂದವರು ನಿಂತರು. ಅತ್ತೆ ಪ್ರಾರ್ಥನೆಯಲ್ಲಿ ತಡವರಿಸಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ಕರ್ತನೇ, ಇವನ ವಿಷಯ ನಾವಿಬ್ರೂ ಆಮೇಲೆ ಮಾತಾಡೋಣ. ಆಮೆನ್!"

ಎಲ್ಲರೂ ನಕ್ಕರು. "ನಿಮ್ಮತ್ತೆದು ಮುಗಿಯೋ ಕಥೆಯಲ್ಲ" ಎಂದು ನನ್ನ ಹೆಂಡತಿಯೂ ನಕ್ಕಳು. ನನಗೆ ನಗಲಾಗಲಿಲ್ಲ.

ಸೋಮವಾರ ಅದೇ ಕಟ್ಟೆಗೆ ಹೋದರೆ ಅತ್ತೆ ನನಗಿಂತ ಮೊದಲೇ ಬಂದು ಕೂತಿದ್ದರು, ತಮ್ಮದೇ ಡಬ್ಬಿ ಹಿಡಿದು. ಈಗ ಉಪದೇಶ ಶುರುವಾಗುತ್ತದೆ ಎಂದು ಕಾದೆ. ಇಲ್ಲ. ಪ್ರಾರ್ಥನೆ? ಅದೂ ಇಲ್ಲ. ಒಂದರ ಹಿಂದೆ ಒಂದು ರೈಲು ಬಂತು, ಹೋಯಿತು. ಮಧ್ಯಾಹ್ನ ಇಬ್ಬರೂ ಊಟ ಮಾಡಿದೆವು. ಮಂಡಿನೋವಿನ ಹೆಂಗಸು ಆ ಕಲ್ಲಿನ ಮೇಲೆ ಇಡೀ ದಿನ ಕೂತರು. ಐದಕ್ಕೆ ನಿಧಾನವಾಗಿ ಎದ್ದು ಸೆರಗು ಕೊಡವಿಕೊಂಡರು.

"ಏಳು. ಆಫೀಸ್ ಬಿಡೋ ಹೊತ್ತಾಯ್ತು. ನಾನೂ ಮನೆಗ್ ಬರ್ತೀನಿ."

ಅಂದು ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ. ಅವಳು ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ "ಹದಿನೈದು ದಿನ ಒಬ್ರೇ ಹೆಂಗ್ರೀ ಕೂತಿದ್ರಿ?" ಎಂದಳು. ನಾನೂ ನಾಚಿಕೆಪಡದೆ ಅತ್ತುಬಿಟ್ಟೆ. ಅಷ್ಟು ಹೊತ್ತೂ ಅತ್ತೆ ನನ್ನ ಕೈ ಬಿಟ್ಟಿರಲಿಲ್ಲ. ತಿರುಗಿ ನೋಡಿದೆ. ಕಣ್ಣು ಮುಚ್ಚಿದ್ದರು, ತುಟಿ ಅಲ್ಲಾಡುತ್ತಿತ್ತು. ಹಿಂದಿನ ಬೀದಿಗೂ ಕೇಳುವ ಆ ಗಂಟಲಿನಿಂದ ಒಂದು ಶಬ್ದವೂ ಹೊರಗೆ ಬರಲಿಲ್ಲ.