ಮಾಳಿಗೆ ಮೇಲಿನ ಸಾಫ್ಟ್‌ವೇರು, ಅಂಗಳದಲ್ಲಿನ ಹೊಟ್ಟೆಕಿಚ್ಚು

ನಿವೃತ್ತನಾದವನ ಮನೆಯಲ್ಲಿ ಏನೂ ನಡೆಯುವುದಿಲ್ಲ ಎನ್ನುವವರು ಬಸವಕಲ್ಯಾಣಕ್ಕೆ ಬಂದು ಒಂದು ವಾರ ನಮ್ಮ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂಡಬೇಕು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ಹೇಳಿ ನಿವೃತ್ತನಾದ ಮೇಲೆ ಮಾಳಿಗೆಯನ್ನು ಒಂದು ಗಂಡ-ಹೆಂಡತಿಗೆ ಬಾಡಿಗೆ ಕೊಟ್ಟೆ. ಅಂದಿನಿಂದ ನಗುವುದೇ ನನಗೆ ನೌಕರಿ.

ಇಬ್ಬರೂ ಸಾಫ್ಟ್‌ವೇರ್ ಬರೆಯುವವರು. ರೈತರ ಮಾಲು ತೂಗಿ ಮಾರಿಕೊಡುವ ಅಡತಿ ಅಂಗಡಿಯ ಸಾಹುಕಾರರಿಗೆ ತೊಗರಿಯ ತೂಕ, ಧಾರಣೆ ಎಲ್ಲ ಮೊಬೈಲಿನಲ್ಲೇ ಕಾಣುವ ಆ್ಯಪ್ ಮಾಡಿಕೊಡುತ್ತಾರೆ. ಪರದೆಯ ಮೇಲಿನ ಬಣ್ಣ, ಅಕ್ಷರ, ಗುಂಡಿ ಗಂಡನ ಪಾಲು. ಒಳಗಿನ, ಯಾರ ಕಣ್ಣಿಗೂ ಬೀಳದ ಕೆಲಸ ಹೆಂಡತಿಯದು. ನೋಡಿದವರೆಲ್ಲ "ವಾಹ್, ಏನ್ ಬಣ್ಣ ಅದರೀ!" ಎನ್ನುತ್ತಾರೆ. ಆಕೆಗೆ ಮೈಯೆಲ್ಲ ಉರಿ.

"ಕಾಕಾ, ನನ್ನ ಕೆಲಸಕ್ಕ ಒಬ್ಬರರೆ ಒಂದ್ಸಲ ಶಹಬ್ಬಾಸ್ ಅಂದ್ರ ಸಾಕ್ರಿ. ಮತ್ತೇನೂ ಬ್ಯಾಡ" ಎಂದು ಗಂಡನೆದುರೇ ನನ್ನ ಮುಂದೆ ಹೇಳಿಕೊಂಡಿದ್ದಳು.

ಆಕೆಗೆ ಗಂಡನ ಮೇಲೆ ಹೊಟ್ಟೆಕಿಚ್ಚು. ನನಗೆ ಇಬ್ಬರ ಮೇಲೂ.

ತಲೆ ಮೇಲಿನ ಕೊಡಗಳು

ಒಂದು ದಿನ ಮೇಲೆ ಹೋಗಿ, ಪರದೆ ನೋಡುತ್ತ ಕಲ್ಲಾಗಿ ಕೂತಿದ್ದ ಆಕೆಯನ್ನು, "ಏನವ್ವಾ, ಚಹಾ ಆತೇನು?" ಎಂದು ಮಾತಾಡಿಸಿದೆ.

ಆಕೆ ಹಣೆ ಹಿಡಿದುಕೊಂಡಳು. "ಕಾಕಾ, ತಲಿ ಮ್ಯಾಗ ಒಂದರ ಮ್ಯಾಗೊಂದು ಕೊಡ ಹೊತ್ತು ನಿಂತಿದ್ನಿ. ನೀವು ಮಾತಾಡಿಸಿದ್ರಿ, ಎಲ್ಲಾ ಬಿದ್ವು."

"ಐದ ನಿಮಿಷದ ಮಾತವ್ವಾ."

"ಐದ ನಿಮಿಷ ನಿಮ್ಮದ್ರಿ. ಮತ್ತ ಕೊಡ ಜೋಡಿಸಾಕ ಅರ್ಧಾ ದಿನ ನಂದು."

ಎಂಥ ಮಾತು! ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಹೊಳೆದಿರಲಿಲ್ಲವಲ್ಲ ಎಂದು ಕರುಬಿದೆ. ಮರುದಿನ ಪೇಪರ್ ಓದುವಾಗ ನನ್ನ ಹೆಂಡತಿ ಕರೆದಳು. "ತಲಿ ಮ್ಯಾಗ ಕೊಡ ಹೊತ್ತೀನಿ, ಮಾತಾಡಿಸಬ್ಯಾಡ" ಎಂದೆ ಗತ್ತಿನಿಂದ.

"ಚಲೋ ಆತು. ನಳಾ ಬಂದದ, ಅವನ್ನ ತುಂಬಿಸಿಕೊಂಡ ಬರ್ರಿ."

ಕೂಗು

ಒಮ್ಮೆ ಮಾಳಿಗೆಯಾಕೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಎಲ್ಲೋ ಒಂದು ತಪ್ಪು ಸೇರಿಕೊಂಡು, ನಿರ್ಣಾದ ರೈತರ ತೊಗರಿ ನಾರಾಯಣಪುರದವರ ಲೆಕ್ಕಕ್ಕೆ ಹೋಗುತ್ತಿತ್ತಂತೆ. ಮೂರನೆಯ ದಿನ ಸಂಜೆ ಮಾಳಿಗೆಯಿಂದ "ಸಿಕ್ತೂ!" ಎಂಬ ಕೂಗು. ಅಂಗಳದ ಪಾರಿವಾಳಗಳೆಲ್ಲ ಹಾರಿದವು. ಓಡಿ ಹೋಗಿ ನೋಡಿದರೆ ಆಕೆ ಕುಣಿಯುತ್ತಿದ್ದಾಳೆ.

"ಏನ್ ತಪ್ಪಿತ್ತವ್ವಾ?"

"ಒಂದ ಚುಕ್ಕಿ ಕಾಕಾ!"

ಒಂದು ಚುಕ್ಕಿಗೆ ಇಷ್ಟು ಸಂತೋಷ! ನಾನು ಕೆಲಸ ಮಾಡುವಾಗ ಒಮ್ಮೆಯೂ ಹೀಗೆ ಕುಣಿದವನಲ್ಲ. ಸುಳ್ಳೇಕೆ, ನನ್ನ ತರಗತಿಯಲ್ಲೂ ಇಂಥದೇ ಕೂಗು ಏಳುತ್ತಿತ್ತು. ಆದರೆ ಅದು ಗಂಟೆ ಹೊಡೆದಾಗ.

ದೊಡ್ಡ ಹೆಸರು

ಈ ಆ್ಯಪನ್ನು ಮೊದಲು ಕೊಂಡವರು ನಮ್ಮೂರಿನ ಒಬ್ಬ ಸಾಹುಕಾರರು, ಆಮೇಲೆ ಹುಮನಾಬಾದಿನ ಅವರ ಬೀಗರು. ಮಗಳನ್ನು ಕೊಟ್ಟು ತಂದುಕೊಂಡ ಮದುವೆ ಆದದ್ದು ಮಾಣಿಕನಗರದಲ್ಲಿ, ನಗುನಗುತ್ತ. ಆದರೆ ಒಬ್ಬರ ಮೀಸೆ ಇನ್ನೊಬ್ಬರಿಗಿಂತ ಒಂದು ಕೂದಲು ಕೆಳಗಿಳಿಯುವಂತಿಲ್ಲ.

ನಮ್ಮ ಸಾಹುಕಾರರು ಪರದೆಯ ಮೇಲೆ ತಮ್ಮ ಹೆಸರು ಬಂಗಾರದ ಬಣ್ಣದಲ್ಲಿ ಬರಲಿ ಎಂದರು. ಬಂತು. ಮೊಮ್ಮಗನ ತೊಟ್ಟಿಲ ದಿನ ಅದನ್ನು ಬೀಗರು ನೋಡಿದರು. "ನಂದು ಜರಾ ದೊಡ್ಡದಾಗಲಿ" ಎಂದು ಅಲ್ಲಿಂದಲೇ ಫೋನು. ಅದು ದೊಡ್ಡದಾಯಿತು. ಇವರು ನೋಡಿದರು. "ನಂದು ಇನ್ನೂ ಜರಾ." ಕೆಲಸ ಮುಗಿಯಿತೆಂದು ಗಂಡ ಕೈ ತೊಳೆದುಕೊಂಡಾಗಲೆಲ್ಲ ಫೋನು ಬರುವುದೇ.

ಕೊನೆಗೊಂದು ದಿನ ನಮ್ಮ ಸಾಹುಕಾರರು ಮೆಟ್ಟಿಲು ಹತ್ತಿ ಬಂದರು. "ಹೆಸರು ಭಾಳ ಚಂದ ಬಂದದ ತಮ್ಮಾ. ಖರೇ, ತೊಗರಿ ಧಾರಣಿ ಎಲ್ಲಿ ಹೋತು?"

ಗಂಡ ತಣ್ಣಗೆ ಹೇಳಿದ: "ನಿಮ್ಮ ಹೆಸರಿನ ಹಿಂದ ಕುಂತದರಿ."

ನೆಟ್ ಸತ್ತ ದಿನ

ಇಷ್ಟರಲ್ಲಿ ಆಕೆ ಸದ್ದಿಲ್ಲದೆ ಒಂದು ಕೆಲಸ ಮಾಡಿದ್ದಳು. ನೆಟ್ ಹೋದರೂ ತೂಕ ಬರೆದದ್ದು ಫೋನಿನಲ್ಲೇ ಭದ್ರವಾಗಿದ್ದು, ನೆಟ್ ಬಂದೊಡನೆ ತಾನೇ ಅಂಗಡಿಯ ಲೆಕ್ಕ ಸೇರಬೇಕು.

"ಇದು ಯಾರಿಗೆ ಕಾಣ್ತದ?" ಎಂದ ಗಂಡ. ಆಕೆ ಅದನ್ನು ಬೀಗರ ಎರಡೂ ಅಂಗಡಿಗೆ ಹಾಕಿದಳು. ನಿಜಕ್ಕೂ ಯಾರಿಗೂ ಕಾಣಲಿಲ್ಲ.

ಸುಗ್ಗಿಯಲ್ಲಿ ಒಂದು ದಿನ ಬಸವಕಲ್ಯಾಣದಿಂದ ಹುಮನಾಬಾದಿನ ತನಕ ನೆಟ್ ಸತ್ತಿತು. ಬೇರೆ ಆ್ಯಪ್ ನಂಬಿದ ಉಳಿದ ಅಂಗಡಿಯವರು ತೊಗರಿ ಚೀಲದ ಮೇಲೆ ಕೂತು ಆಕಾಶ ನೋಡಿದರು. ಬೀಗರಿಬ್ಬರ ತೂಕ ಮಾತ್ರ ನಿಲ್ಲಲಿಲ್ಲ.

ಮಧ್ಯಾಹ್ನ ನಾನು ಮೇಲಿದ್ದಾಗ ನಮ್ಮ ಸಾಹುಕಾರರ ಫೋನು ಬಂತು. ಆಕೆ ನಮಗೂ ಕೇಳುವಂತೆ ದೊಡ್ಡದಾಗಿ ಇಟ್ಟಳು.

"ತಂಗಿ, ಎಲ್ಲಾರ ಅಂಗಡಿ ನಿಂತು, ನಮ್ಮದು ನಿಲ್ಲಲಿಲ್ಲ. ಇದು ನಿನ್ನ ಕೆಲಸನಂತ. ಒಂದ ಮಾತು ನಡಸಿಕೊಡವ್ವಾ. ಬಂಗಾರದ ಹೆಸರು ಬೇಕಾದ್ರ ಅಳಿಸು. ಇದೊಂದು ಮಾತ್ರ ನಮ್ಮ ಬೀಗರಿಗೆ ಕೊಡಬ್ಯಾಡ. ಕೈ ಮುಗೀತೀನಿ."

ಆಕೆ ಬಾಯಿ ತೆರೆಯುವಷ್ಟರಲ್ಲಿ ಅವರು ಫೋನ್ ಇಟ್ಟರು. ಹಿಂದೆಯೇ ಹುಮನಾಬಾದಿನ ಬೀಗರು: "ತಂಗಿ, ನಿನಗ ಕೈ ಮುಗೀತೀನಿ, ಇದು ಬಸವಕಲ್ಯಾಣದವರಿಗೆ ಗೊತ್ತಾಗಬಾರದು!"

ಗಂಡನ ಮುಖ ಸಣ್ಣದಾಯಿತು. "ಹೌದು ಖರೇ... ಶಹಬ್ಬಾಸ್ ಅಂತ ಇಬ್ಬರೂ ಅನಲಿಲ್ಲಲ್ಲ?" ಎಂದ.

ಆಕೆ ಕುರ್ಚಿ ತಿರುಗಿಸಿ, ಕಾಲ ಮೇಲೆ ಕಾಲು ಹಾಕಿ ಕೇಳಿದಳು: "ನಿಮ್ಮ ಬಣ್ಣ ಬೀಗರಿಗೆ ಕೊಡಬ್ಯಾಡ್ರಿ ಅಂತ ಇಲ್ಲೀತನಕ ಯಾರರೆ ಕೈ ಮುಗದಾರೇನ್ರಿ?"