ಮಗಳ ಓದಿಗೆ ಊರು ಕೊಟ್ಟ ನೆರವು

ಮಗಳು ಮನಃಶಾಸ್ತ್ರ ಓದುತ್ತಾಳೆಂದು ಯಾರ ಮನೆಯಲ್ಲಾದರೂ ತಿಳಿದುಬಂದರೆ, ಅವಳಿಗಿಂತ ಮೊದಲು ಪಾಠ ಆಗುವುದು ಅಪ್ಪನಿಗೆ. ಬೆಳಗ್ಗೆ ಶಿವಪೂಜೆ ಮುಗಿಸಿ ಏಳುವಷ್ಟರಲ್ಲಿ ಜಗಲಿಯ ಮೇಲೆ ಸಲಹೆಗಾರರು ಕೂತಿರುತ್ತಾರೆ.

ದಾರಿ ಕೇಳಿದ್ದು

ಮೊದಲು ಬಂದವರು ನಮ್ಮಣ್ಣ. ನೇರ ಮಗಳನ್ನೇ ಕೇಳಿದರು.

"ಎಷ್ಟು ವರ್ಷ ಓದಬೇಕು ಮಗಾ?"

"ಡಿಗ್ರಿ, ಆಮೇಲೆ ಎಂ.ಎಸ್ಸಿ., ಆಮೇಲೆ ಎರಡು ವರ್ಷ ತರಬೇತಿ. ಆಮೇಲೆ ರಿಜಿಸ್ಟರಾಗಬೇಕು ದೊಡ್ಡಪ್ಪ."

"ಅಷ್ಟು ಓದಿ ಮಾತ್ರೆ ಕೊಡ್ತೀಯಾ?"

"ಇಲ್ಲ, ಅದು ಡಾಕ್ಟರ ಕೆಲಸ."

"ಬುದ್ಧಿ ಹೇಳ್ತೀಯಾ?"

"ಹಾಗೆಲ್ಲ ಬುದ್ಧಿ ಹೇಳಬಾರದು. ಮೊದಲು ಕೂತು ಕೇಳಬೇಕು."

ಅಣ್ಣ ನನ್ನ ಕಡೆ ಕೈ ತೋರಿಸಿದರು. "ನಿಮ್ಮಪ್ಪ ಮದುವೆಯಾದಾಗಿನಿಂದ ಕೂತು ಕೇಳ್ತಾನೇ ಇದ್ದಾನೆ. ಯಾವ ಕಾಲೇಜಿಗೆ ಹೋಗಿದ್ದ?"

ಮನೆಯಲ್ಲಿ ಅಭ್ಯಾಸ

ಎದುರಿನವರ ಮನಸ್ಸಿನಲ್ಲಿರುವುದನ್ನು ಗುರುತಿಸಿ ಮೆಲ್ಲಗೆ ಅವರಿಗೇ ಹೇಳುವುದು ಒಂದು ಪಾಠವಂತೆ. ಮಗಳು ಅದನ್ನು ಅಡುಗೆಮನೆಯಲ್ಲೇ ಶುರು ಮಾಡಿದಳು.

"ಅಮ್ಮಾ, ನಿಂಗೆ ತುಂಬ ದಣಿವಾಗಿದೆ, ಯಾರೂ ಅರ್ಥ ಮಾಡ್ಕೊಳ್ತಿಲ್ಲ ಅನ್ನಿಸ್ತಿದೆ, ಅಲ್ವಾ?"

"ಅರ್ಥ ಆಯ್ತಲ್ಲ, ಬಾ, ರೊಟ್ಟಿ ತಟ್ಟು" ಎಂದಳು ನನ್ನವಳು.

ಆ ಪಾಠ ಅಲ್ಲಿಗೇ ಸಂಪೂರ್ಣವಾಯಿತು.

ಊರಿಗೆ ಒಂದೇ ಚಿಂತೆ

ಕೊನೆಯ ವರ್ಷ ಒಂದು ಪ್ರಾಕ್ಟಿಕಲ್. ಕಿಟಕಿಯ ಪಕ್ಕ ಒಬ್ಬ ಮನುಷ್ಯ ಕೂತಿರುವ ಚಿತ್ರ ತೋರಿಸಿ, ಮನಸ್ಸಿಗೆ ಬಂದ ಕಥೆ ಹೇಳಿಸಬೇಕು. ಮನೆಯವರು ಲೆಕ್ಕಕ್ಕಿಲ್ಲ, ಊರಿನ ಬೇರೆಯವರನ್ನು ಕೇಳಬೇಕು. ಕಾಲೇಜಿನ ಮೇಡಂ ಒಪ್ಪದಿದ್ದರೆ ಒಂದು ವರ್ಷವೇ ಹೋಯಿತು. ಮಗಳಿಗೆ ಊಟವೇ ಸೇರುತ್ತಿರಲಿಲ್ಲ. ಕೈ ಕುದುರಲಿ ಎಂದು ಮೊದಲು ದೊಡ್ಡಪ್ಪನಿಗೇ ಚಿತ್ರ ತೋರಿಸಿದಳು.

ಅಣ್ಣ ಕನ್ನಡಕ ಏರಿಸಿ ಹೇಳಿದರು: "ಪಾಪ, ಹೂಮಳೆ ಬಂದಿಲ್ಲ ಇವನಿಗೆ. ಆ ಮಳೆ ಬೀಳದೆ ಕಾಫಿ ಹೂ ಅರಳೋದು ಹೇಗೆ ಅಂತ ಆಕಾಶ ನೋಡ್ತಾ ಕೂತಿದ್ದಾನೆ. ಸರಿ ಉತ್ತರವಾ?"

"ಇದರಲ್ಲಿ ಸರಿ ತಪ್ಪು ಇಲ್ಲ ದೊಡ್ಡಪ್ಪ. ಚೆನ್ನಾಗಿ ಹೇಳಿದ್ರಿ."

ಚೆನ್ನಾಗಿ ಎಂದಮೇಲೆ ಸರಿ ಉತ್ತರವೇ ಆಯಿತಲ್ಲ! ಅಣ್ಣ ಆ ಸಂಜೆಯೇ ಮನೆಮನೆಗೆ ಹೋಗಿ, ಮಗು ಫೇಲಾಗಬಾರದು, ಎಲ್ಲರೂ ಇದನ್ನೇ ಹೇಳಿ ಎಂದು ಬಾಯಿಪಾಠ ಮಾಡಿಸಿ ಬಂದರು. ಪಂಚಾಯತಿ ಸಭೆಯಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಒಪ್ಪದ ಊರು, ಅಂದು ಒಗ್ಗಟ್ಟಾಯಿತು.

ಊರವರು ಹೇಳಿದ ಕಥೆಗಳನ್ನು ಮಗಳು ಬರೆದು ಒಪ್ಪಿಸಿದಳು; ಮೇಡಂ ಎಲ್ಲವನ್ನೂ ಓದಿ ಅವಳನ್ನು ಕರೆದರಂತೆ. "ಬೆಳೆಗಾರರಿಗೆ ಹೂಮಳೆ ಚಿಂತೆ ಸರಿ. ಬಸ್ ಡ್ರೈವರಿಗೂ ಅದೇ, ಕ್ಷೌರದಂಗಡಿಯವನಿಗೂ ಅದೇ, ಮೊನ್ನೆ ರಾಜಸ್ಥಾನದಿಂದ ಬಂದ ಬೇಕರಿಯವನಿಗೂ ಅದೇನಾ? ಬೇರೆ ಊರಲ್ಲಿ ಹೊಸದಾಗಿ ಮಾಡಿ ತಾ."

ಮಗಳು ಮನೆಯಲ್ಲಿ ಯಾರಿಗೂ ಉಸಿರು ಬಿಡದೆ ಗೋಣಿಕೊಪ್ಪಲಿನ ಬಸ್ ಹತ್ತಿದಳು. ಅಲ್ಲಿ ಗುರುತಿಲ್ಲದವರನ್ನು ಕೇಳಿ ಮುಗಿಸಿ ಬಂದಳು. ಮೇಡಂ ಒಪ್ಪಿ ಸಹಿ ಹಾಕಿದರು. ಶಿವ ದೊಡ್ಡವನು.

ಸುದ್ದಿ ಕೇಳಿ ಎಲ್ಲರೂ ಸಿಹಿ ತಿಂದರು. ಅಣ್ಣ ಮಾತ್ರ ಮುಖ ದಪ್ಪ ಮಾಡಿಕೊಂಡು ಕೂತಿದ್ದರು.

"ಯಾಕೆ ದೊಡ್ಡಪ್ಪ, ಖುಷಿ ಆಗ್ಲಿಲ್ವಾ?"

"ಗೋಣಿಕೊಪ್ಪಲು ಅಂತ ಒಂದು ಮಾತು ಹೇಳಬಾರದಿತ್ತಾ ಮಗಾ? ನನ್ನ ಬೀಗರೆಲ್ಲ ಅಲ್ಲೇ ಇದ್ದಾರೆ. ನಾನು ಹಿಂದಿನ ದಿನವೇ ಹೋಗಿ ಹೇಳಿಕೊಟ್ಟಿದ್ದರೆ, ನೀನು ಫಸ್ಟ್ ರ‍್ಯಾಂಕೇ ಬರ್ತಿದ್ದೆ."